ಬೀಗ ಬಿದ್ದ ಹಳಗನ್ನಡ

“ಕೇಳ್ರಪ್ಪೋ ಕೇಳಿ! ಅರಮನೆಯ ಕಂಪ್ಯೂಟರಿನಲ್ಲಿರುವ ಹಳಗನ್ನಡ ಕಾವ್ಯಗಳನ್ನು ಇನ್ನು ಯಾರೂ ಓದಕೂಡದು. ರಾಜಕುಮಾರಿಯ ಮೂರು ಒಗಟು ಬಿಡಿಸಿದವನು ಕೇಳಿದ್ದನ್ನು ಕೊಡಲಾಗುವುದು. ಅರ್ಧ ರಾಜ್ಯ ಕೊಟ್ಟು ಮದುವೆಯನ್ನೂ ಮಾಡಲಾಗುವುದು. ತಪ್ಪಿದರೆ ಗಲ್ಲು!”

ಹೀಗೆ ಡಂಗುರ ಹೊಡೆಸಿದವನು ರಣಧವಳನೆಂಬ ರಾಜ. ಅವನ ರಾಜ್ಯಭಾರಕ್ಕಿಷ್ಟು ಬೆಂಕಿ ಹಾಕ! ಓಲೆಗರಿ ನೋಡಿ ನೋಡಿ ಆ ಕಾವ್ಯಗಳನ್ನು ಕಂಪ್ಯೂಟರಿಗೆ ಏರಿಸಿದವರು ಊರಿನ ಜನ. ಕಷ್ಟದ ಪದದ ಮೇಲೆ ಬೆರಳಿಟ್ಟರೆ ಅರ್ಥ ಬರುತ್ತಿತ್ತು, ಕುರಿ ಕಾಯುವವರೂ ಮೊಬೈಲಿನಲ್ಲಿ ಓದುತ್ತಿದ್ದರು. ಓದಿದ ಜನ ಪ್ರಶ್ನೆ ಕೇಳತೊಡಗಿದಾಗ ರಾಜನಿಗೆ ಮೈಯೆಲ್ಲ ಉರಿ. ಬೀಗ ಜಡಿದೇಬಿಟ್ಟ. ಕಂಬಳಿ ನೇಯುವ ಗಾಳೆಮ್ಮ ಹೇಗೋ ಆ ಬೀಗ ತಪ್ಪಿಸಿ ಕೇರಿಯ ಮಕ್ಕಳಿಗೆ ಓದಿಸಿದಳು. ರಾಜ ಅವಳನ್ನು ಸೆರೆಗೆ ತಳ್ಳಿದ. ಅಮಾವಾಸ್ಯೆಗೆ ಗಲ್ಲು ಅಂತ ತೀರ್ಪೂ ಆಯಿತು.

ಅಕ್ಕನನ್ನು ಉಳಿಸಲು ತಮ್ಮ ದುರುಗನಿಗೆ ಒಗಟು ಬಿಡಿಸುವುದು ಬಿಟ್ಟರೆ ಬೇರೆ ದಾರಿಯಿರಲಿಲ್ಲ. ಮಗ್ಗ ಬಿಟ್ಟೆದ್ದವನೇ ಸಭೆಗೆ ನುಗ್ಗಿದ. ಅಲ್ಲಿ ಆಸ್ಥಾನ ಪಂಡಿತನೊಬ್ಬ, ಪಕ್ಕದ ರಾಜ್ಯದ ರಾಜಕುಮಾರನೊಬ್ಬ ಆಗಲೇ ನಿಂತಿದ್ದರು.

ರಾಜಕುಮಾರಿ ಮೇಖಲೆ ಮೊದಲನೆಯದನ್ನು ಕೇಳಿದಳು: “ಗಂಟಲಿಲ್ಲ, ಆದರೂ ಮುಟ್ಟಿದರೆ ಸತ್ತವರ ಮಾತಿಗೆ ಅರ್ಥ ಹೇಳುತ್ತದೆ. ತನಗೆ ಮಾತ್ರ ಒಂದಕ್ಷರವೂ ತಿಳಿಯದು. ಏನದು?”

“ಗಿಳಿ!” ಎಂದ ಪಂಡಿತ.

“ಗಿಳಿಗೆ ಗಂಟಲಿಲ್ಲವೇ, ಪಂಡಿತರೇ?”

ಭಟರು ಅವನನ್ನು ಎಳೆದೊಯ್ದರು.

“ನೀವು ಬೀಗ ಹಾಕಿದ ಕಂಪ್ಯೂಟರೇ, ತಾಯಿ,” ಎಂದ ದುರುಗ. “ಅದು ಅರ್ಥ ತೋರಿಸುತ್ತೆ. ತಿಳಿದುಕೊಳ್ಳಬೇಕಾದವರು ನಾವು.”

“ನನ್ನದೂ ಅದೇ ಉತ್ತರ,” ಎಂದ ರಾಜಕುಮಾರ.

ಮೇಖಲೆ ಎರಡನೆಯದನ್ನು ಕೇಳಿದಳು: “ಊರೆಲ್ಲ ಉಂಡರೂ ಮುಗಿಯದ, ಯಾರೂ ಉಣ್ಣದಿದ್ದರೆ ಕೆಡುವ ಊಟ ಯಾವುದು?”

“ಕಾವ್ಯ,” ಎಂದ ದುರುಗ. “ಎಷ್ಟು ಜನ ಓದಿದರೂ ಸವೆಯೋದಿಲ್ಲ. ಓದುವವರೇ ಇಲ್ಲದಿದ್ದರೆ ಅರ್ಥ ಮರೆತುಹೋಗುತ್ತೆ.”

“ನನ್ನದೂ ಅದೇ!” ಎಂದ ರಾಜಕುಮಾರ.

ಮೇಖಲೆಗೆ ಸಿಟ್ಟು ಬಂತು. “ಈ ಸಲ ನೀವೇ ಮೊದಲು ಹೇಳಿ, ರಾಜಕುಮಾರರೇ. ಹೊತ್ತುಕೊಂಡು ಹೋದವನು ಕಳ್ಳನಲ್ಲ, ಬೀಗ ಹಾಕಿ ಕಾದವನೇ ಕಳ್ಳ. ಯಾರವನು?”

ರಾಜಕುಮಾರನಿಗೆ ಉತ್ತರ ಹೊಳೆದಿತ್ತು, ಮುಖ ನೋಡಿದರೇ ತಿಳಿಯುತ್ತಿತ್ತು. ರಣಧವಳನ ಕೈ ಕತ್ತಿಯ ಮೇಲಿತ್ತು. ಪುಕ್ಕಲ, “ಜಿಪುಣ” ಎಂದ.

“ಜಿಪುಣ ಕಾಯುವುದು ಅವನದೇ ದುಡ್ಡನ್ನು,” ಎಂದಳು ಮೇಖಲೆ. ಅವನನ್ನೂ ಎಳೆದೊಯ್ದರು.

ದುರುಗ ನೇರ ಸಿಂಹಾಸನದತ್ತ ಕೈಮಾಡಿದ. “ಇವನೇ ಆ ಕಳ್ಳ! ನಮ್ಮ ಜನ ಕಣ್ಣು ನೋಯಿಸಿಕೊಂಡು ಕೂಡಿಟ್ಟ ಮಾತಿಗೆ ಬೀಗ ಹಾಕಿ ಕೂತಿದ್ದಾನೆ. ಅದನ್ನು ಮಕ್ಕಳಿಗೆ ಕೊಟ್ಟ ನಮ್ಮಕ್ಕ ಕಳ್ಳಿಯಂತೆ!”

ರಾಜ ಕತ್ತಿ ಹಿರಿದ. ಮೇಖಲೆ ಅಡ್ಡ ನಿಂತಳು.

“ಉತ್ತರ ಸರಿಯಾಗಿದೆ, ಅಪ್ಪಾಜಿ. ಊರೆಲ್ಲ ಡಂಗುರ ಹೊಡೆಸಿದ ಮಾತು. ಈಗ ತಪ್ಪುತ್ತೀರಾ?”

ಸಭೆಯಲ್ಲಿ ಒಬ್ಬರೂ ರಾಜನ ಪರವಾಗಿ ಏಳಲಿಲ್ಲ. ಕತ್ತಿ ಕೆಳಗಿಳಿಯಿತು.

“ನಿನ್ನ ಅರ್ಧ ರಾಜ್ಯ ನೀನೇ ಇಟ್ಟುಕೋ,” ಎಂದ ದುರುಗ. “ಮದುವೆ ಮಾತು ಕೇಳಬೇಕಾದ್ದು ಅವರನ್ನು, ನಿನ್ನನ್ನಲ್ಲ. ನಮ್ಮಕ್ಕನನ್ನು ಬಿಡು, ಆ ಇಬ್ಬರನ್ನೂ ಬಿಡು. ಬೀಗ ತೆಗೆ.”

ಬೀಗವನ್ನು ಮೇಖಲೆಯೇ ತೆಗೆದಳು. ಗಾಳೆಮ್ಮನನ್ನು ಕರೆತಂದರು, ಬೇಡಿ ಬಿಗಿದ ಮಣಿಕಟ್ಟು ಬಾತುಕೊಂಡಿತ್ತು. ದುರುಗ ಅಳುತ್ತ ಅವಳ ಕೈ ಹಿಡಿದುಕೊಂಡ.

ರಾಜ ಗಂಟಲು ಸರಿಮಾಡಿಕೊಂಡ. “ಜೀವ ಉಳಿಸಿದ್ದೇನೆ, ಕಾವ್ಯಗಳನ್ನೂ ಕೊಟ್ಟಿದ್ದೇನೆ. ಕಾಲಿಗೆ ಬಿದ್ದು ಹೋಗು.”

ಗಾಳೆಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ನಮ್ಮದನ್ನು ನಮಗೆ ಬಿಟ್ಟಿದ್ದಕ್ಕೆ ಕಾಲಿಗೆ ಬೇರೆ ಬೀಳಬೇಕಾ? ನಡಿಯೋ ತಮ್ಮಾ, ಮಕ್ಕಳು ಕಾಯ್ತಿರ್ತಾವೆ.”