ಬಾಳವ್ವ ಕೊಯ್ಯದ ಗಾಯ

ಬಹಳ ಹಿಂದೆ, ನಮ್ಮ ಮುತ್ತಜ್ಜಂದಿರೂ ಹುಟ್ಟಿರದ ಕಾಲದಲ್ಲಿ, ಹೊಳೆಯ ಆಚೆ ಒಂದು ಊರಿತ್ತಂತೆ. ಅಲ್ಲಿ ಹಡಪದರ ಬಾಳವ್ವ ಅಂತ ಒಬ್ಬಳಿದ್ದಳಂತೆ. ಸತ್ತ ಗಂಡನ ಕ್ಷೌರದ ಕತ್ತಿಯನ್ನೇ ಹಿಡಿದು, ಹೊಟ್ಟೆ ಕೊಯ್ದು ಬದುಕಿಸುವುದನ್ನು ಕಲಿತಳಂತೆ. ಯಾರು ಕಲಿಸಿದರೋ, ದೇವರಿಗೇ ಗೊತ್ತು.

ನೀವು ಈಗ ಅಪೆಂಡಿಕ್ಸ್ ಅಂತೀರಲ್ಲ, ಅದೇ ಬೇನೆ. ಬಲಮಗ್ಗುಲಲ್ಲಿ ಕಿರುಬೆರಳಿನಷ್ಟು ಕರುಳು ಬಾತು, ಒಡೆದು, ಹೊಟ್ಟೆ ತುಂಬ ಕೀವಾಗುತ್ತದೆ. ಅದಕ್ಕೆ ಬಾಳವ್ವನ ಬಳಿ ಎರಡು ದಾರಿ ಇದ್ದವಂತೆ. ಒಂದು, ಗೇಣುದ್ದ ಕೊಯ್ದು ತೆರೆದು ತೊಳೆಯುವುದು. ಇನ್ನೊಂದು, ಬೀಗದ ಕಿಂಡಿಯಷ್ಟು ತೂತು ಮಾಡಿ, ಕೊಳವೆ ಇಳಿಸಿ, ಕನ್ನಡಿಯಿಂದ ಬಿಸಿಲನ್ನು ಅದರೊಳಗೆ ಹಾಯಿಸಿ, ನೋಡಿಕೊಂಡು ತೆಗೆಯುವುದು. ಕಿಂಡಿಯವರು ಬೇಗ ಎದ್ದು ಹೊಲಕ್ಕೆ ಹೋಗುತ್ತಿದ್ದರಂತೆ. ಗೇಣಿನವರು ಗಾಯ ಕೊಳೆತು ತಿಂಗಳುಗಟ್ಟಲೆ ಮಲಗುತ್ತಿದ್ದರಂತೆ. ಆದರೂ ಒಳಗೆ ಸರಿಯಾಗಿ ಕಾಣದಿದ್ದರೆ ಬಾಳವ್ವ ಹಟ ಹಿಡಿಯದೆ ಗೇಣುದ್ದ ಕೊಯ್ದುಬಿಡುತ್ತಿದ್ದಳಂತೆ.

ಅವಳಿಗೆ ಒಬ್ಬಳೇ ಮಗಳು, ಪಾರವ್ವ. ಮದುವೆ ಗೊತ್ತಾಗಿತ್ತು. ಆ ಸೀಮೆಯಲ್ಲಿ ಅರಿಶಿನದ ನೀರು ಹಾಕುವಾಗ ಗಂಡಿನ ಕಡೆಯ ಹೆಂಗಸರು ಮದುಮಗಳ ಹೊಟ್ಟೆ ನೋಡುತ್ತಿದ್ದರಂತೆ. ದೊಡ್ಡ ಹೊಲಿಗೆಯ ಗುರುತು ಕಂಡರೆ, ಇವಳಿಗೆ ಬಸಿರು ನಿಲ್ಲದು ಎಂದು ಎದ್ದು ಹೋಗುತ್ತಿದ್ದರಂತೆ. ಎಂಥ ಜನ ನೋಡಿ. ಅಂಥದರಲ್ಲಿ ಪಾರವ್ವನಿಗೇ ಆ ಬೇನೆ ಬಂತು, ಒಳಗೆ ಒಡೆದೂ ಹೋಯಿತು.

ಬಾಳವ್ವ ಕಿಂಡಿ ಮಾಡಿ ಕೊಳವೆ ಇಳಿಸಿದಳು. ಅಷ್ಟರಲ್ಲಿ ಮೋಡ ಕವಿಯಿತು. ಕೊಳವೆಯೊಳಗೆ ಏನೂ ಕಾಣದಾಯಿತು. ಬೇರೆಯವರ ಮಗಳಾಗಿದ್ದರೆ ಆಗಲೇ ಕೊಯ್ಯುತ್ತಿದ್ದಳು. ಪಕ್ಕದಲ್ಲಿದ್ದ ತಂಗಿ, ತೆರೆದುಬಿಡು ಅಕ್ಕಾ ಎಂದು ಅಂಗಲಾಚಿದಳಂತೆ.

“ಗುರುತು ಬಿತ್ತಂದ್ರ ಇಕಿನ್ನ ಯಾರ ಮಾಡ್ಕೋತಾರ?” ಅಂದಳಂತೆ ಬಾಳವ್ವ.

ತಡಕಾಡಿ ಸಿಕ್ಕಷ್ಟು ಕೀವು ತೆಗೆದು ಹೊಲಿದಳು. ಗಾಯ ಚೆಂದಾಗಿ ಕೂಡಿತು. ಅರಿಶಿನದ ದಿನ ಬೀಗರ ಹೆಂಗಸರು ಹೊಟ್ಟೆ ನೋಡಿ ತಲೆದೂಗಿದರಂತೆ. ಒಳಗೆ ಉಳಿದ ಕೀವು ಮಾತ್ರ ಬೆಳೆಯುತ್ತಲೇ ಇತ್ತು. ಕೊರಳಿಗೆ ತಾಳಿ ಬೀಳುವ ಮೊದಲೇ ಹುಡುಗಿ ಜ್ವರ ಏರಿ ತೀರಿಕೊಂಡಳು. ಹೇಳುವಾಗ ನನಗೇ ಸಂಕಟವಾಗುತ್ತದೆ, ಹೆತ್ತವಳಿಗೆ ಹೇಗಾಗಿರಬೇಕು.

ಆಮೇಲೆ ಆ ಸೀಮೆಯಲ್ಲಿ ಮದುಮಗಳ ಹೊಟ್ಟೆ ನೋಡುವುದು ನಿಂತಿತಂತೆ. ಈಗಲೂ ಅಲ್ಲಿ ಆಪರೇಷನ್ ಆಗಿ ಮನೆಗೆ ಬಂದವರು ಬಾಳವ್ವನ ಮನೆಯ ಮುಂದೆ ಇದ್ದ ಕಲ್ಲಿಗೆ ಹೋಗಿ, ತಮ್ಮ ಗಾಯದಷ್ಟೇ ಉದ್ದದ ದಾರ ಇಟ್ಟು ಬರುತ್ತಾರೆ. ಕೆಲವು ಉಗುರಿನಷ್ಟಿರುತ್ತವೆ, ಕೆಲವು ಉದ್ದ. ಮೊದಲ ದಾರವನ್ನು ಬಾಳವ್ವನೇ ಇಟ್ಟಳಂತೆ, ಮಗಳನ್ನು ಮಣ್ಣು ಮಾಡಿ ಬಂದ ದಿನ. ಅದು ಗೇಣುದ್ದ ಇತ್ತಂತೆ.