ಹದಿನೇಳನೆಯ ಅಳತೆ

ಮುರಿಗೆಪ್ಪನವರು ಮೂವತ್ತೆಂಟು ವರ್ಷ ಸೇತುವೆ ಕಟ್ಟಿಸಿದ ಎಂಜಿನಿಯರು. ನಿವೃತ್ತರಾದ ಮೇಲೆ ವಾರಕ್ಕೊಮ್ಮೆ ಕಾಲೇಜಿಗೆ ಬಂದು ವಿದ್ಯಾರ್ಥಿಗಳ ಜೊತೆ ಕೂರುತ್ತಿದ್ದರು. ಪಾಠ ಮಾಡುತ್ತಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಹೇಳುತ್ತಿದ್ದರು, ಅಷ್ಟೆ.

ಕೊನೆಯ ವರ್ಷದ ನೀಲಗಂಗಾ ಒಂದು ಕಾಲುಸೇತುವೆಯ ನಕ್ಷೆ ಮಾಡಿದ್ದಳು. ಆಚೆ ದಡದ ಮಕ್ಕಳು ಹೊಳೆ ದಾಟಿ ಶಾಲೆಗೆ ಬರಬೇಕಿತ್ತು. ಪಂಚಾಯಿತಿಯವರು ಒಪ್ಪಿದ್ದರು. ಮುರಿಗೆಪ್ಪನವರು ನೋಡಿ ಸರಿ ಅಂದರೆ ಕೆಲಸ ಶುರು.

ಅವರು ರುಜು ಹಾಕಲು ಪೆನ್ನು ತೆಗೆದಾಗ ಅವಳೇ ತಡೆದಳು.

ಹೊಳೆಯ ಆಳವನ್ನು ಇಪ್ಪತ್ತು ಕಡೆ ಅಳೆಯಬೇಕಿತ್ತು. ಹದಿನೇಳನೆಯ ಜಾಗದಲ್ಲಿ ಕಲ್ಲು ಜಾರುತ್ತಿತ್ತು, ಸೆಳವೂ ಇತ್ತು. ಹೆದರಿಕೆಯಾಗಿ ಹಿಂದೆ ಬಂದವಳು, ಆಚೀಚೆಯ ಅಳತೆ ನೋಡಿ ಅದೊಂದನ್ನು ಊಹಿಸಿ ಬರೆದುಬಿಟ್ಟಿದ್ದಳು. ಇಷ್ಟನ್ನೂ ತಲೆ ತಗ್ಗಿಸಿಕೊಂಡೇ ಹೇಳಿದಳು.

ಅವರು ಬೈಯಲಿಲ್ಲ. ಪೆನ್ನು ಜೇಬಿಗೆ ಸಿಕ್ಕಿಸಿ, ಅಳತೆಕೋಲು ಎಲ್ಲಿದೆ ಎಂದು ಕೇಳಿದರು.

ಬಸ್ಸಿನಲ್ಲಿ ಹನ್ನೊಂದು ಕಿಲೋಮೀಟರು. ದಾರಿಯಲ್ಲಿ ಅವರು ಅವಳ ಊರು, ಮನೆ, ಅಕ್ಕನ ಮದುವೆ ಎಲ್ಲ ವಿಚಾರಿಸಿದರು. ಹೊಳೆಯ ಮಾತೆತ್ತಲಿಲ್ಲ.

ದಡದಲ್ಲಿ ಅವರು ಚಪ್ಪಲಿ ಬಿಟ್ಟು ಪ್ಯಾಂಟು ಮಡಚತೊಡಗಿದಾಗ ಅವಳಿಗೆ ಗಾಬರಿಯಾಯಿತು.

"ನೀವು ಬೇಡ ಸರ್. ನಾನೇ ಇಳಿತೀನಿ."

"ಒಬ್ಬಳೇ ಇಳಿದಿದ್ದಕ್ಕೇ ಹೆದರಿದ್ದು. ಕೈ ಹಿಡಿ."

ಎಪ್ಪತ್ತು ದಾಟಿದ ಮುದುಕರು, ಇಪ್ಪತ್ತೊಂದರ ಹುಡುಗಿ. ನೀರು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ಒಮ್ಮೆ ಕಾಲು ಜಾರಿದ್ದು ಅವರದೇ. ಅವಳು ಎಳೆದು ನಿಲ್ಲಿಸಿದಳು.

ಕೋಲನ್ನು ಅವಳೇ ಊರಿದಳು, ಅವಳೇ ಓದಿದಳು. ಮೂರು ಅಡಿ ನಾಲ್ಕು ಅಂಗುಲ.

ಇನ್ನೊಮ್ಮೆ ಊರಿ ನೋಡಿದಳು. ಅಷ್ಟೇ. ಅವಳು ಊಹಿಸಿ ಬರೆದದ್ದೂ ಅಷ್ಟೇ ಇತ್ತು.

ದಡಕ್ಕೆ ಬರುವಷ್ಟರಲ್ಲಿ ಅವಳ ಮುಖ ಅರಳಿತ್ತು. ಎದೆಯ ಮೇಲಿನ ಕಲ್ಲು ಇಳಿದಂತಾಗಿ ಸಣ್ಣಗೆ ನಕ್ಕಳು.

"ಸರಿಯಾಗೇ ಇತ್ತಲ್ಲ ಸರ್. ಸುಮ್ಮನೆ ನಿಮ್ಮನ್ನ ನೀರಿಗಿಳಿಸಿದೆ."

ಮುರಿಗೆಪ್ಪನವರು ಬಂಡೆಯ ಮೇಲೆ ಕೂತು ಪ್ಯಾಂಟಿನ ನೀರು ಹಿಂಡುತ್ತಿದ್ದರು. ಹಿಂಡುವುದು ಮುಗಿಸಿ ಚಪ್ಪಲಿ ಮೆಟ್ಟಿಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು:

"ನನ್ನ ಊಹೆಯೂ ಮೊದಲನೇ ಸಲ ಸರಿಯಾಗೇ ಬಂದಿತ್ತು, ತಂಗಿ."