ಬೀಗರ ಕೈಯ ಹೋಳಿಗೆ

ಗಂಡಿನ ತಂದೆ ಷಡಕ್ಷರಪ್ಪನವರ ಬಾಯಲ್ಲಿ ‘ಅಡ್ಜಸ್ಟ್’ ಎಂಬ ಒಂದೇ ಇಂಗ್ಲಿಷ್ ಪದಕ್ಕೆ ನೂರೆಂಟು ಅರ್ಥ. ಛತ್ರದ ಬಾಡಿಗೆ ಅಡ್ಜಸ್ಟ್ ಮಾಡಿ ಎಂದರೆ ನೀವೇ ಕಟ್ಟಿ. ಮುಹೂರ್ತ ಅಡ್ಜಸ್ಟ್ ಮಾಡಿ ಎಂದರೆ ನಾವು ಬರುವವರೆಗೆ ಕಾದಿರಿ. ಊಟದ ಹೊತ್ತಿಗೆ ಹೇಳದೆ ಕೇಳದೆ ಎರಡು ಬಸ್ಸು ಜನ ಇಳಿಸಿ ಮತ್ತೆ ಅದನ್ನೇ ಅಂದರು: “ಎಲ್ಲಾ ನನ್ನ ಕಡೆಯವರೇ. ಸ್ವಲ್ಪ ಅಡ್ಜಸ್ಟ್ ಮಾಡಿ ಬೀಗರೇ!”

ಹೆಣ್ಣಿನ ತಂದೆ ಅಡುಗೆಮನೆಗೆ ಓಡಿಬಂದ. “ಚೆನ್ನಾಜಮ್ಮ, ಹೋಳಿಗೆ ಸಾಲಲ್ಲ. ನನ್ನ ಮಾನ ಹೋಯ್ತು.”

“ನಾನಿರೋವಾಗ ಅದು ಹೆಂಗೆ ಹೋಗುತ್ತೆ?” ಎಂದಳು ಅಡುಗೆಯ ಚೆನ್ನಾಜಮ್ಮ. ಹೋಳಿಗೆ ಬುಟ್ಟಿ ಹೊತ್ತು ಪಂಕ್ತಿಯ ನಡುವೆ ನಿಂತು ಕೂಗಿದಳು: “ಇವತ್ತು ಬೀಗರು ತಮ್ಮವರಿಗೆ ತಮ್ಮ ಕೈಯಾರೆ ಬಡಿಸ್ತಾರಂತೆ! ಎಂಥ ದೊಡ್ಡ ಮನಸ್ಸು!”

ಜನ ಚಪ್ಪಾಳೆ ತಟ್ಟಿದರು. ಷಡಕ್ಷರಪ್ಪನವರು ಮೀಸೆ ತಿರುವಿ ಬುಟ್ಟಿ ಹಿಡಿದರು. ಎಲೆಗೆರಡರಂತೆ ಹಾಕುತ್ತ ಸ್ವಲ್ಪ ದೂರ ಹೋಗಿ ನೋಡುತ್ತಾರೆ, ಬುಟ್ಟಿ ಅರ್ಧ ಖಾಲಿ. ಎಲೆಗಳ ಸಾಲು ಮಾತ್ರ ಇನ್ನೂ ಬಾಗಿಲವರೆಗೆ!

“ಇನ್ನೊಂದು ಬುಟ್ಟಿ ತಾರಮ್ಮ,” ಪಿಸುಗುಟ್ಟಿದರು.

“ಈ ಪಂಕ್ತಿಗೆ ಇರೋದೇ ಅಷ್ಟು ಸ್ವಾಮಿ. ಸಾಲಲ್ಲ ಅಂತ ನೀವೇ ಹೇಳಿಬಿಡಿ, ನಿಮ್ಮವರೇ ತಾನೇ?”

ಹೇಳುವುದು ಹೇಗೆ? ಬಡಿಸುವ ಕೈ ಅವರದೇ. ಬೇರೆ ದಾರಿಯಿಲ್ಲದೆ ಹೋಳಿಗೆ ಮುರಿದು ಹಾಕತೊಡಗಿದರು.

“ಏನಣ್ಣ, ಅರ್ಧಾನಾ?” ಎಂದ ಅವರ ಷಡ್ಡಕ.

“ಸುಮ್ಮನೆ ತಿನ್ನಯ್ಯ! ಮದುವೆ ದಿನ ಅರ್ಧ ಹೋಳಿಗೆ ತಿನ್ನೋದೇ ನಮ್ಮ ಮನೆತನದ ಶಾಸ್ತ್ರ!”

ಚೆನ್ನಾಜಮ್ಮ ಬಡಿಸುವ ಹುಡುಗರತ್ತ ತಿರುಗಿದಳು. “ಕೇಳಿಸ್ತೇನ್ರೋ? ಮುಂದಿನ ಪಂಕ್ತಿಗೂ ಬೀಗರ ಶಾಸ್ತ್ರ ತಪ್ಪಬಾರದು!”